ಮುದ್ರಿತ ಗ್ರಂಥ, ಇ-ಪುಸ್ತಕ, ಕೇಳುಪುಸ್ತಕ: ಮುಂಬಯಿಯ ಕನ್ನಡ ವಾಚಕನ ದೃಷ್ಟಿಯಿಂದ ಒಂದು ವಿವೇಚನೆ

ಕೃತಿಯೊಂದನ್ನು ಯಾವ ಪಾತ್ರೆಯಲ್ಲಿ ಬಡಿಸಿಕೊಂಡು ಉಣ್ಣಬೇಕೆಂಬುದು ವಿಮರ್ಶಕನು ವಿಚಾರಿಸತಕ್ಕ ವಿಷಯವಲ್ಲ, ಅದು ಅಂಗಡಿಕಾರನಿಗೂ ಗಿರಾಕಿಗೂ ಸೇರಿದ ಮಾತು ಎಂಬ ಅಭಿಪ್ರಾಯವು ನಮ್ಮ ವಿದ್ವಾಂಸರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಕಾಗದದ ಪುಸ್ತಕ, ಜನರು ಇ-ಬುಕ್ ಎಂದು ಕರೆಯುವ ತೆರೆಯ ಪುಸ್ತಕ, ಆಡಿಯೋ ಬುಕ್ ಎಂದು ಕರೆಯುವ ಕೇಳುಪುಸ್ತಕ ಇವು ಮೂರರಲ್ಲಿಯೂ ಇರುವುದು ಒಂದೇ ಕೃತಿ. ಬೆಲೆ, ತೂಕ, ಅನುಕೂಲಗಳಲ್ಲಿ ಮಾತ್ರ ಭೇದ ಎಂಬುದು ಈ ಅಭಿಪ್ರಾಯದ ತಿರುಳು. ಇದು ಸರಿಯಲ್ಲವೆಂಬುದೇ ಈ ಲೇಖನದ ಪ್ರತಿಜ್ಞೆ. ವಾಹನ ಬದಲಾದಾಗ ಕೃತಿಯೂ ಸ್ವಲ್ಪ ಬದಲಾಗುತ್ತದೆ. ಎಲ್ಲಿ, ಎಷ್ಟು ಬದಲಾಗುತ್ತದೆಂಬುದು ಆಯಾ ಕೃತಿಯ ಛಂದಸ್ಸು, ಗದ್ಯದ ಹೆಣಿಗೆ, ಭಾಷೆಯ ಪ್ರಾದೇಶಿಕತೆ ಇವುಗಳನ್ನು ಅವಲಂಬಿಸಿದೆ. ಇವೆಲ್ಲವೂ ವಿಮರ್ಶೆಯ ವಿಷಯಗಳೇ. ಇನ್ನು ಮುಂಬಯಿಯಂತಹ ಪರನಾಡ ನಗರದಲ್ಲಿ, ಮಾತು ಬಲ್ಲ ಮಕ್ಕಳಿಗೆ ಅಕ್ಷರ ಬಾರದ ಮನೆಗಳಲ್ಲಿ, ಈ ಆಯ್ಕೆಯು ಅಭಿರುಚಿಯನ್ನು ಮೀರಿ ಉಳಿವಿನ ಪ್ರಶ್ನೆಯೇ ಆಗಿದೆ.

ಕನ್ನಡಕ್ಕೆ ವಾಹನದ ಬದಲಾವಣೆ ಹೊಸದಲ್ಲ. ಓಲೆಗರಿಯಲ್ಲಿ ಪದ್ಯವನ್ನು ಸಾಲುಸಾಲಾಗಿ ಒಡೆದು ಬರೆಯುವ ಪದ್ಧತಿ ಇರಲಿಲ್ಲ. ಗರಿಯ ಉದ್ದಕ್ಕೂ ಅಕ್ಷರಗಳು ಎಡೆಬಿಡದೆ ಸಾಗುತ್ತಿದ್ದವು. ಪಾದವೆಲ್ಲಿ ಮುಗಿಯಿತು, ಪದವೆಲ್ಲಿ ಒಡೆಯಿತು ಎಂಬುದನ್ನು ಛಂದಸ್ಸನ್ನು ಬಲ್ಲವನ ಕಿವಿಯೇ ನಿರ್ಣಯಿಸಬೇಕಾಗಿತ್ತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದ ಮೇಲೆ, ಹೆರ್ಮನ್ ಮೋಗ್ಲಿಂಗರು ಕ್ಯಾಸಮೇಜರರ ಧನಸಹಾಯದಿಂದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ನಮ್ಮ ಕಾವ್ಯಗಳನ್ನು ಅಚ್ಚು ಮಾಡಿಸಿದರು. ದಾಸರ ಪದಗಳು 1850ರಲ್ಲಿ ಅಚ್ಚಿನ ಪುಟಕ್ಕೆ ಬಂದವು. ತಂಬೂರಿಯನ್ನೂ ತಾಳವನ್ನೂ ಬಿಟ್ಟು ಪದವು ಒಂಟಿಯಾಗಿ ಪುಟದ ಮೇಲೆ ನಿಂತ ಆ ಗಳಿಗೆಯಲ್ಲಿ ಅದು ಹಾಡಿನಿಂದ ಕವಿತೆಯಾಯಿತು. ದಾಸಸಾಹಿತ್ಯವೆಂದು ನಾವು ಇಂದು ಪಠ್ಯಪುಸ್ತಕಗಳಲ್ಲಿ ಓದುವ ವಸ್ತುವು ಒಂದರ್ಥದಲ್ಲಿ ಮುದ್ರಣದ ಸೃಷ್ಟಿ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಆಗ ಯಾರೂ ಈ ಲೆಕ್ಕವನ್ನು ಬರೆದಿಡಲಿಲ್ಲ. ಈಗಿನ ಸ್ಥಿತ್ಯಂತರದಲ್ಲಿಯಾದರೂ ಬರೆದಿಡುವುದು ಯುಕ್ತ.

ಮೊದಲು ತೆರೆಯ ಪುಸ್ತಕವನ್ನು ತೆಗೆದುಕೊಳ್ಳೋಣ. ಭಾಮಿನೀ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡೆರಡು ಬಾರಿ ಬಂದು 14 ಮಾತ್ರೆಗಳಾಗುತ್ತವೆ; ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಬಾರಿ ಬಂದು, ಕೊನೆಗೊಂದು ಗುರು ಸೇರಿ, 23 ಮಾತ್ರೆಗಳಾಗುತ್ತವೆಂಬುದು ಸರ್ವವಿದಿತ. ಅಂಗೈಯಗಲದ ವಾಚನಯಂತ್ರದಲ್ಲಿ ಕಣ್ಣಿಗೆ ಹಿತವಾಗುವಷ್ಟು ದೊಡ್ಡ ಅಕ್ಷರವನ್ನು ಇಟ್ಟುಕೊಂಡರೆ ಈ 23 ಮಾತ್ರೆಯ ಪಾದವು ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಅದು ಒಡೆಯುತ್ತದೆ; ಎಲ್ಲೆಂದರಲ್ಲಿ ಒಡೆಯುತ್ತದೆ. ಒಡೆದ ತುಂಡು ಮುಂದಿನ ಸಾಲಿನ ಆದಿಯಲ್ಲಿ ನಿಂತು ತಾನೇ ಒಂದು ಪಾದವೆಂಬಂತೆ ಕಣ್ಣಿಗೆ ಸುಳ್ಳು ಹೇಳುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸವನ್ನು ಮುದ್ರಿತ ಪುಟದಲ್ಲಿ ಕಣ್ಣು ಲಂಬವಾಗಿ ಇಳಿಯುತ್ತ ಹಿಡಿಯುತ್ತದೆ. ತೆರೆಯ ಮೇಲೆ ಆ ಲಂಬರೇಖೆಯೇ ಕೆಡುತ್ತದೆ. ಲಕ್ಷ್ಮೀಶನ ವಾರ್ಧಕ ಷಟ್ಪದಿಯ ಪಾಡು ಇನ್ನೂ ಕಷ್ಟ. ಅಲ್ಲಿ ದೀರ್ಘಪಾದವು 32 ಮಾತ್ರೆಯದು.

ಓಲೆಗರಿಯಲ್ಲಿಯೂ ಪಾದವಿಭಾಗ ಇರಲಿಲ್ಲವಷ್ಟೆ, ಹೀಗಿರಲು ತೆರೆಯನ್ನು ಮಾತ್ರ ದೂರುವುದೇಕೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಓಲೆಯು ಮೌನವಾಗಿತ್ತು, ಅದು ತಪ್ಪು ವಿಭಾಗವನ್ನು ತೋರಿಸುತ್ತಿರಲಿಲ್ಲ. ಅಲ್ಲದೆ ಓಲೆಯನ್ನು ಓದುವವನಿಗೆ ಕಾವ್ಯವು ಅರ್ಧಕ್ಕರ್ಧ ಕಂಠಗತವಾಗಿರುತ್ತಿತ್ತು. ಇಂದಿನ ವಾಚಕನಿಗೆ ಪುಟವೇ ಗುರು. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ 1958ರಲ್ಲಿ ಮೈಸೂರು ಸರಕಾರವು ಹೊರತಂದ ಗದುಗಿನ ಭಾರತದ ಪುಟವನ್ನು ತೆರೆದವನಿಗೆ ಪದ್ಯದ ಆಕಾರವೇ ಛಂದಸ್ಸಿನ ಮೊದಲ ಪಾಠವನ್ನು ಹೇಳಿಕೊಡುತ್ತದೆ. ಆದುದರಿಂದ ಷಟ್ಪದಿ ಕಾವ್ಯಗಳ ಮಟ್ಟಿಗೆ ತೆರೆಯ ಪುಸ್ತಕವು ಮೂರರಲ್ಲಿ ಕನಿಷ್ಠವೆಂದು ಹೇಳಲು ನನಗೆ ಸಂಕೋಚವಿಲ್ಲ. ಮುದ್ರಿತ ಪುಟವನ್ನೇ ಚಿತ್ರವಾಗಿ ತೆಗೆದ ಪ್ರತಿಗಳಲ್ಲಿ ಈ ದೋಷವಿಲ್ಲ, ನಿಜ. ಅವನ್ನು ಸಣ್ಣ ತೆರೆಯ ಮೇಲೆ ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದುವವರ ತಾಳ್ಮೆಗೆ ನಮಸ್ಕಾರ.

ಗದ್ಯದ ವಿಷಯದಲ್ಲಿ ತೊಂದರೆ ಬೇರೆ ಬಗೆಯದು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವ ನಮ್ಮ ಲಿಪಿಗೆ ರೋಮನ್ ಲಿಪಿಗಿಂತ ಹೆಚ್ಚು ಸಾಲಂತರ ಬೇಕು. ಇದನ್ನು ಅರಿಯದೆ ರಚಿಸಿದ ತೆರೆಪುಟಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಕೊಂಬಿಗೆ ತಗಲುತ್ತದೆ. ಇದು ಅಲ್ಪ. ದೊಡ್ಡ ತೊಡಕು ಹಿಂದಿನ ದಶಕಗಳ ಅಕ್ಷರಜೋಡಣೆಯಿಂದ ಬಂದುದು. ಕನ್ನಡವು 1991ರಲ್ಲಿಯೇ ಯುನಿಕೋಡ್ ಸಂಕೇತದಲ್ಲಿ ಸೇರಿದ್ದರೂ ನಮ್ಮ ಪ್ರಕಾಶಕರು ಬಹುಕಾಲ ಪುಸ್ತಕಗಳನ್ನು ಅದಕ್ಕೆ ಹೊರತಾದ ಅಕ್ಷರಗಳಲ್ಲಿ ಜೋಡಿಸುತ್ತ ಬಂದರು. ಅಲ್ಲಿ ಅಕ್ಷರವು ಧ್ವನಿಯ ಕ್ರಮದಲ್ಲಿರದೆ ಆಕಾರದ ತುಂಡುಗಳ ಕ್ರಮದಲ್ಲಿರುತ್ತದೆ. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಮಕಾರದ ಅನಂತರ ಕುಳಿತಿರುತ್ತದೆ. ಯುನಿಕೋಡಿನಲ್ಲಿ ರೇಫವು ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತನೆಯ ಯಂತ್ರವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದಲ್ಲಿ, ಅದನ್ನು ಕಣ್ಣಿಟ್ಟು ತಿದ್ದುವವನೂ ಇಲ್ಲದಿದ್ದಲ್ಲಿ, ಹುಟ್ಟುವುದು ಹೊಸದೊಂದು ಅಪಪಾಠ. ಹಸ್ತಪ್ರತಿಗಳ ಲಿಪಿಕಾರದೋಷಗಳನ್ನು ವರ್ಗೀಕರಿಸಿದ ನಮ್ಮ ಗ್ರಂಥಸಂಪಾದನ ಶಾಸ್ತ್ರಕ್ಕೆ ಇದೊಂದು ಹೊಸ ಅಧ್ಯಾಯ. ಹಣ ಕೊಟ್ಟು ಕೊಂಡ ಒಂದು ಇ-ಪುಸ್ತಕದಲ್ಲಿ ಇಂತಹ ಪಾಠಗಳು ಪುಟಪುಟಕ್ಕೂ ಎದುರಾದಾಗ ಈ ಲೇಖಕನು ಅದನ್ನು ಬದಿಗಿಟ್ಟು ಕಪಾಟಿನ ಹಳೆಯ ಪ್ರತಿಯನ್ನೇ ತೆಗೆಯಬೇಕಾಯಿತು. ಹಳಗನ್ನಡದ ಪದಾಂತ್ಯದಲ್ಲಿ ಬರುವ ನಕಾರ ಪೊಲ್ಲುವಿಗೆ ಯುನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ದೊರೆತುದು 2021ರಲ್ಲಿ ಎಂಬುದನ್ನು ಗಮನಿಸಿದರೆ ಈ ಕ್ಷೇತ್ರದಲ್ಲಿ ನಾವಿನ್ನೂ ಅಡಿಪಾಯದ ಕೆಲಸದಲ್ಲಿಯೇ ಇದ್ದೇವೆಂಬುದು ಸ್ಪಷ್ಟವಾಗುತ್ತದೆ.

ಈ ಅಡಿಪಾಯದ ಒಂದೆರಡು ಕಲ್ಲುಗಳು ನಮ್ಮ ನಗರದಲ್ಲಿಯೇ ಕಡೆಯಲ್ಪಟ್ಟವೆಂಬುದನ್ನು ಮುಂಬಯಿ ಕನ್ನಡಿಗರು ಮರೆಯಬಾರದು. ಕನ್ನಡದ ಕೀಲಿಮಣೆಗೆ ಧ್ವನಿಕ್ರಮದ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳದ ಕೆ. ಪಿ. ರಾಯರು ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ಕೆಲಸಮಾಡಿದವರು. ಅದೇ ಸಂಶೋಧನ ಸಂಸ್ಥೆಯ ಗ್ರಂಥಪಾಲರಾಗಿದ್ದು, ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ನಡೆಸಿದ ಶ್ರೀನಿವಾಸ ಹಾವನೂರರು 'ಹೊಸಗನ್ನಡದ ಅರುಣೋದಯ'ದಲ್ಲಿ (1974) 19ನೆಯ ಶತಮಾನದ ಸಾಹಿತ್ಯವನ್ನು ಅದರ ಮುದ್ರಣದ ಇತಿಹಾಸದೊಡನೆಯೇ ಓದಿದರು. ಒಬ್ಬರು ಅಕ್ಷರದ ಯಂತ್ರವನ್ನು, ಇನ್ನೊಬ್ಬರು ಅಚ್ಚಿನ ಚರಿತ್ರೆಯನ್ನು ಹಿಡಿದವರು. ಮೇಲಿನ ಎರಡು ಪ್ಯಾರಾಗಳು ಇವರಿಬ್ಬರ ಋಣದಲ್ಲಿವೆ.

ಆದರೂ ಅಂಗಡಿಯ ಬಾಗಿಲು ನಮಗೆ ಸುಲಭವಾಗಿ ತೆರೆಯಲಿಲ್ಲ. ಅಮೆಜಾನ್ ಸಂಸ್ಥೆಯು 2016ರ ಕೊನೆಯಲ್ಲಿ ತನ್ನ ಕಿಂಡಲ್ ಅಂಗಡಿಯಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಅವುಗಳಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕೇಳುಪುಸ್ತಕಗಳ ಸ್ವೀಡನ್ ಸಂಸ್ಥೆ ಸ್ಟೋರಿಟೆಲ್ 2017ರಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ಮರಾಠಿಗಳಿಂದ ಆರಂಭಿಸಿತು. ನೆರೆಮನೆಯ ಮರಾಠಿ ಮಿತ್ರನು ಲೋಕಲಿನಲ್ಲಿ ತನ್ನ ಭಾಷೆಯ ಕಾದಂಬರಿಯನ್ನು ಕೇಳುತ್ತ ನಿಂತಿರುವಾಗ ಪಕ್ಕದ ಕನ್ನಡಿಗನು ಬರಿಗಿವಿಯಲ್ಲಿ ನಿಲ್ಲಬೇಕಾದ ಪರಿಸ್ಥಿತಿ ಕೆಲವು ಕಾಲ ಇದ್ದಿತು. 2020ರಲ್ಲಿ ಬೆಂಗಳೂರಿನಿಂದ ಮೈಲ್ಯಾಂಗ್ ಬುಕ್ಸ್ ಎಂಬ ಕನ್ನಡದ್ದೇ ಆದ ಅಂಗಡಿ ಆರಂಭವಾಗಿ, ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಒದಗಿಸತೊಡಗಿದ ಮೇಲೆ ಈ ಕೊರತೆ ಒಂದು ಮಟ್ಟಿಗೆ ನೀಗಿದೆ. ಲೋಕಲ್ ಗಾಡಿಗಳು ಸಾರ್ವಜನಿಕರಿಗೆ ನಿಂತು, ಗ್ರಂಥಾಲಯಗಳು ಬೀಗ ಹಾಕಿಕೊಂಡಿದ್ದ ಆ ವರ್ಷದಲ್ಲಿ ಬೆಂಗಳೂರು ಧಾರವಾಡಗಳಿಂದ ಅಂಚೆಯ ಕಟ್ಟು ಬರುವುದೂ ದುಸ್ತರವಾಗಿದ್ದುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಬ್ಯಾಂಕಿನವನಾದ ನಾನು ಸ್ವಾಮ್ಯದ ಪ್ರಶ್ನೆಯನ್ನು ಎತ್ತದೆ ಮುಂದುವರಿಯಲಾರೆ. ಮುದ್ರಿತ ಪುಸ್ತಕವನ್ನು ಕೊಂಡವನು ಅದರ ಒಡೆಯ. ಓದಬಹುದು, ಮಿತ್ರನಿಗೆ ಕೊಡಬಹುದು, ಮಾರಬಹುದು, ಮೃತ್ಯುಪತ್ರದಲ್ಲಿ ಬರೆದಿಡಬಹುದು. ದೊಡ್ಡ ಅಂಗಡಿಗಳ ಇ-ಪುಸ್ತಕವನ್ನು 'ಕೊಂಡವನು' ಪಡೆಯುವುದು ಓದುವ ಪರವಾನಗಿಯನ್ನು ಮಾತ್ರ. 2009ರ ಜುಲೈಯಲ್ಲಿ, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದ ಪ್ರತಿಗಳೆಂಬ ಕಾರಣದಿಂದ, ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳನ್ನು ಅಮೆಜಾನ್ ಸಂಸ್ಥೆಯು ಅಮೆರಿಕದ ಗಿರಾಕಿಗಳ ಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿತು. ಅವುಗಳಲ್ಲಿ ಒಂದು, ಹಳೆಯ ಬರವಣಿಗೆಯನ್ನು ಅಳಿಸುತ್ತ ಕೂಡುವ ಸರಕಾರವೊಂದರ ಕಥೆಯಾದ '1984'. ಹಣವನ್ನು ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಆದರೆ ಲಾಕರಿನ ಎರಡನೆಯ ಕೀಲಿಕೈ ಯಾರಲ್ಲಿದೆಯೆಂಬುದು ಅಂದು ಲೋಕಕ್ಕೆ ತಿಳಿಯಿತು. ನಮ್ಮ ತೆರಿಗೆಯ ಕ್ರಮವೂ ಈ ಭೇದವನ್ನು ತನ್ನದೇ ರೀತಿಯಲ್ಲಿ ಗುರುತಿಸಿದೆ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕವು ಸೇವೆಯೆಂದು ಎಣಿಸಲ್ಪಟ್ಟು ಮೊದಲು 18 ಶೇಕಡಾ ತೆರಿಗೆಗೆ ಒಳಗಾಗಿ, ಮುದ್ರಿತ ರೂಪವೂ ಇರುವ ಪುಸ್ತಕಗಳಿಗೆ 2018ರ ಜುಲೈಯಿಂದ 5 ಶೇಕಡಾಕ್ಕೆ ಇಳಿಯಿತು. ವಸ್ತು ಬೇರೆ, ಸೇವೆ ಬೇರೆ ಎಂಬ ಅರಿವು ಸಾಹಿತಿಗಳಿಗಿಂತ ಮೊದಲು ತೆರಿಗೆಯವರಿಗೆ ಆಯಿತೆಂಬುದು ಸೋಜಿಗವೇನೂ ಅಲ್ಲ.

ಹಾಗಾದರೆ ಮುದ್ರಿತ ಗ್ರಂಥವೇ ಗತಿಯೆಂದು ಮುಗಿಸಬಹುದೆ? ಮುಂಬಯಿಯ ಮನೆಗಳನ್ನು ಬಲ್ಲವರು ಹಾಗೆ ಹೇಳಲಾರರು. ಇಲ್ಲಿ ಒಂದು ಕಪಾಟಿನ ಅಡಿಯ ನೆಲಕ್ಕೆ ಅದರೊಳಗಿನ ಎಲ್ಲ ಪುಸ್ತಕಗಳಿಗಿಂತ ಬೆಲೆ ಹೆಚ್ಚು. ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ ಬೂಷ್ಟು ಹಿಡಿಯದ ಸಂಪುಟ ಅಪೂರ್ವ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ನಿಂತು ಬರುವವನಿಗೆ ಒಂದು ಕೈ ಹಿಡಿಕೆಗೆ ಬೇಕು. ಇನ್ನೊಂದು ಕೈಯಲ್ಲಿ 'ಪರ್ವ'ವನ್ನು ಹಿಡಿದು ಪುಟ ತಿರುವುವುದು ಗರಡಿಯ ಸಾಧನೆ ಬೇಡುವ ಕೆಲಸ. ಇದನ್ನೆಲ್ಲ ಸಹಿಸಿಕೊಂಡು ಮೂವತ್ತು ನಲವತ್ತು ವರ್ಷ ಕೂಡಿಹಾಕಿದ ಗ್ರಂಥರಾಶಿಯ ಗತಿಯೇನು? ಮನೆಯ ಹಿರಿಯರು ತೀರಿದ ವರ್ಷದೊಳಗೆ ಅದು ರದ್ದಿಯವನ ತಕ್ಕಡಿಗೆ ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಾಟುಂಗದ ಕಿಂಗ್ಸ್ ಸರ್ಕಲಿನ ಕಾಲುದಾರಿಯ ಹಳೆಯ ಪುಸ್ತಕದಂಗಡಿಗಳಲ್ಲಿ, ಇಂಜಿನಿಯರಿಂಗ್ ಪಠ್ಯಗಳ ನಡುವೆ, ಒಳಪುಟದಲ್ಲಿ ಹೆಸರೂ ತಾರೀಖೂ ಬರೆದ ಕನ್ನಡ ಕಾದಂಬರಿಯೊಂದು ಕೈಗೆ ಸಿಕ್ಕಾಗ ಆ ಮನೆಯ ಕಥೆಯೆಲ್ಲ ತಿಳಿದುಹೋಗುತ್ತದೆ. ಮಕ್ಕಳು ಕೃತಘ್ನರಲ್ಲ. ಅವರಿಗೆ ಓದಲು ಬಾರದು. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ ಮರಾಠಿ. ಕನ್ನಡದ ಲಿಪಿಗೆ ಅವರ ದಿನಚರಿಯಲ್ಲಿ ಜಾಗವೇ ಇರಲಿಲ್ಲ. ಹಗಲು ಉಡುಪಿ ಹೊಟೇಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಅಕ್ಷರ ಕಲಿತ ತಲೆಮಾರಿನವರ ಮೊಮ್ಮಕ್ಕಳು ಇವರು.

ಇಲ್ಲಿಯೇ ಕೇಳುಪುಸ್ತಕವು ಪರಿಶೀಲನೆಗೆ ಯೋಗ್ಯವಾಗುವುದು. ಇದನ್ನು ಕುರಿತು ಎರಡು ಅತಿವಾದಗಳು ಪ್ರಚಾರದಲ್ಲಿವೆ. ಕೇಳುವುದು ಓದುವುದಲ್ಲ, ಅದು ಸೋಮಾರಿಗಳ ವಿದ್ಯೆ ಎಂಬುದೊಂದು. ಕನ್ನಡಿಗರು ಅಕ್ಷರಾಭ್ಯಾಸವಿಲ್ಲದೆಯೂ ಕಾವ್ಯವನ್ನು ಬಲ್ಲವರೆಂದು ಕವಿರಾಜಮಾರ್ಗಕಾರನೇ 9ನೆಯ ಶತಮಾನದಲ್ಲಿ ಹೇಳಿರುವುದರಿಂದ ಕೇಳುಪುಸ್ತಕವು ನಮ್ಮ ಮೂಲಪರಂಪರೆಗೆ ಮರಳುವಿಕೆ ಎಂಬುದು ಇನ್ನೊಂದು. ಎರಡನೆಯದು ಕೇಳಲು ಇಂಪಾಗಿದೆ, ವಿಚಾರಕ್ಕೆ ನಿಲ್ಲುವುದಿಲ್ಲ. ಗಮಕದಲ್ಲಿ ವಾಚಿಸುವವನೊಬ್ಬ, ವ್ಯಾಖ್ಯಾನಿಸುವವನೊಬ್ಬ ಇರುತ್ತಾರೆ. ಎದುರಿಗೆ ತಲೆದೂಗುವ, ಕೆಲವೊಮ್ಮೆ ಆಕಳಿಸುವ ಸಭೆ ಇರುತ್ತದೆ. ಪದ್ಯ ಕಠಿನವಾದಲ್ಲಿ ವ್ಯಾಖ್ಯಾನಕಾರನು ನಿಲ್ಲಿಸಿ ಬಿಡಿಸುತ್ತಾನೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ದೊರೆತುದು ಇಂತಹ ಸಭೆಯ ಕಲೆಗೆ. ತಾಳಮದ್ದಳೆಯಂತೂ ವಾದದ ಕಲೆ. ಎದುರಾಳಿಯ ಮಾತಿನಿಂದಲೇ ಅರ್ಥಧಾರಿಯ ಮಾತು ಹುಟ್ಟುತ್ತದೆ. ಕೇಳುಪುಸ್ತಕದಲ್ಲಿ ವ್ಯಾಖ್ಯಾನವಿಲ್ಲ, ಸಭೆಯಿಲ್ಲ, ಮರುಮಾತಿಲ್ಲ. ಒಂಟಿ ಕಿವಿಗೆ ಒಂಟಿ ಕಂಠ. ಅದರ ನಿಜವಾದ ಪೂರ್ವಜರು ಬಾನುಲಿಯ ವಾಚನ ಮತ್ತು ಧ್ವನಿಸುರುಳಿ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಸುರುಳಿಗಳನ್ನು ಹೊಟೇಲಿನ ಗಲ್ಲಾದ ಹಿಂದೆ ಕುಳಿತು ಸವೆಯುವವರೆಗೆ ಕೇಳಿದವರು ನಮ್ಮಲ್ಲಿದ್ದಾರೆ. ಅವರನ್ನು ಸೋಮಾರಿಗಳೆನ್ನುವ ಧೈರ್ಯ ನನಗಿಲ್ಲ.

ಕೃತಿಗಳಿಗೆ ಬರೋಣ. ಯಶವಂತ ಚಿತ್ತಾಲರ 'ಶಿಕಾರಿ' (1979) ಮುಂಬಯಿಯ ಕನ್ನಡ ಕಾದಂಬರಿಗಳಲ್ಲಿ ಅಗ್ರಗಣ್ಯವೆಂಬುದರಲ್ಲಿ ವಿವಾದವಿಲ್ಲ. ಕೆಲಸದಿಂದ ತಡೆಹಿಡಿಯಲ್ಪಟ್ಟ ನಾಗಪ್ಪನ ಸುತ್ತ ಹೆಣೆಯುತ್ತಿರುವ ಬಲೆ ಎಷ್ಟು ವಾಸ್ತವ, ಎಷ್ಟು ಅವನ ಮನಸ್ಸಿನ ಕಲ್ಪನೆ ಎಂಬ ಅನಿಶ್ಚಯವೇ ಆ ಕಾದಂಬರಿಯ ಜೀವನಾಡಿ. ಮುದ್ರಿತ ಪುಟದಲ್ಲಿ ಈ ಅನಿಶ್ಚಯವು ಹಾಗೆಯೇ ಉಳಿಯುತ್ತದೆ, ಏಕೆಂದರೆ ಪುಟಕ್ಕೆ ಧ್ವನಿಯ ಏರಿಳಿತವಿಲ್ಲ. ಅದನ್ನು ಗಟ್ಟಿಯಾಗಿ ಓದುವವನು ಪ್ರತಿ ವಾಕ್ಯದಲ್ಲಿಯೂ ನಿರ್ಣಯ ಕೊಡಲೇಬೇಕು: ಇತರರ ಮಾತಿನಲ್ಲಿ ಕುಹಕವನ್ನು ತುಂಬಿದರೆ ನಾಗಪ್ಪನ ಶಂಕೆಗೆ ಸಾಕ್ಷಿ ನುಡಿದಂತೆ, ಸಹಜವಾಗಿ ಓದಿದರೆ ಅವನನ್ನು ಭ್ರಮಿಷ್ಠನೆಂದು ತೀರ್ಮಾನಿಸಿದಂತೆ. ಯಾವುದೂ ಕಾದಂಬರಿಕಾರರ ತೀರ್ಪಲ್ಲ. ಇದಲ್ಲದೆ ಆ ಗದ್ಯವು ಹಿಂದಿರುಗಿ ನೋಡುವಂತೆ ವಾಚಕನನ್ನು ಪದೇ ಪದೇ ಒತ್ತಾಯಿಸುತ್ತದೆ; ಬೆರಳಿಟ್ಟು ಹತ್ತು ಪುಟ ಹಿಂದಕ್ಕೆ ಹೋಗುವ ಸೌಕರ್ಯ ಕಾಗದಕ್ಕಿರುವಷ್ಟು ಇನ್ನಾವುದಕ್ಕೂ ಇಲ್ಲ. ಆದುದರಿಂದ 'ಶಿಕಾರಿ'ಯನ್ನು ಕಾಗದದಲ್ಲಿ ಓದತಕ್ಕದ್ದು.

ದೇವನೂರ ಮಹಾದೇವರ 'ಕುಸುಮಬಾಲೆ'ಯದು ಇದಕ್ಕೆ ವಿರುದ್ಧವಾದ ಪ್ರಕರಣ. ಮುದ್ರಿತ ಪುಟದಲ್ಲಿ ಅದರ ನಂಜನಗೂಡು ಸೀಮೆಯ ಆಡುನುಡಿಯು ಕರಾವಳಿಯಿಂದಲೋ ಧಾರವಾಡದಿಂದಲೋ ಬಂದ ಮುಂಬಯಿ ಕನ್ನಡಿಗನಿಗೆ ಮುಳ್ಳುಬೇಲಿಯಾಗಿ ನಿಲ್ಲುತ್ತದೆ. ಕಾಗುಣಿತವನ್ನು ಬಿಡಿಸುವುದರಲ್ಲಿಯೇ ಕಣ್ಣು ಸೋಲುತ್ತದೆ. ಆ ಸೀಮೆಯವನೊಬ್ಬನು ಗಟ್ಟಿಯಾಗಿ ಓದಿದೊಡನೆ ಬೇಲಿ ದಾರಿಯಾಗುತ್ತದೆ. ಕಣ್ಣಿಗೆ ವಿಕಾರವಾಗಿ ಕಂಡ ಶಬ್ದವು ಕಿವಿಗೆ ಸ್ವಭಾವ. ಆದರೆ ಇಲ್ಲಿ ಒಂದು ಷರತ್ತಿದೆ: ಓದುವವನು ಆ ಸೀಮೆಯವನೇ ಆಗಬೇಕು. ಎಲ್ಲ ಕೃತಿಗಳನ್ನೂ ಬೆಂಗಳೂರಿನ ಜಾಹೀರಾತಿನ ಕನ್ನಡದಲ್ಲಿ ನುಣ್ಣಗೆ ಓದಿಬಿಡುವ ಪ್ರವೃತ್ತಿ ಕಂಡುಬಂದರೆ ಅದನ್ನು ಆರಂಭದಲ್ಲಿಯೇ ಖಂಡಿಸಬೇಕು. ಚಿತ್ತಾಲರ ಹನೇಹಳ್ಳಿಯ ಕಥೆಗಳನ್ನು ಉತ್ತರ ಕನ್ನಡದ ರಾಗವಿಲ್ಲದ ಕಂಠದಲ್ಲಿ ಕೇಳುವುದಕ್ಕಿಂತ ಕೇಳದಿರುವುದು ಲೇಸು. ಮಾಸ್ತಿಯವರ ಕಥೆಗಳು ಹಲವು ಒಬ್ಬರು ಇನ್ನೊಬ್ಬರಿಗೆ ಹೇಳಿದಂತೆಯೇ ರಚಿತವಾದುವು. 'ಸುಬ್ಬಣ್ಣ'ದಂತಹ ಕೃತಿಯು ಕಿವಿಗೆ ಬಂದು ಏನನ್ನೂ ಕಳೆದುಕೊಳ್ಳುವುದಿಲ್ಲ. ಕೇಳುಪುಸ್ತಕವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವವರ ವಿಷಯ ಬೇರೆ. ವಿರಾಮವೂ ಗದ್ಯದ ಭಾಗವೆಂಬುದನ್ನು ಅವರಿಗೆ ಯಾರು ಹೇಳಬೇಕು?

ಕಣ್ಣಿಲ್ಲದವರ ಪಾಲಿಗೆ ಈ ಆಯ್ಕೆಯೇ ಇರಲಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಶಾಸನವು ಅಂಗವಿಕಲರಿಗಾಗಿ ಕೃತಿಗಳನ್ನು ಅವರಿಗೆ ದಕ್ಕುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. 2013ರ ಮರಾಕೇಶ್ ಒಪ್ಪಂದವನ್ನು ಎಲ್ಲಕ್ಕಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತ. ಇದನ್ನು ಕನ್ನಡ ಸಂಘಗಳು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ಸಂಶೋಧಕರಿಗೆ ಮಾತ್ರ ಕಾಗದವನ್ನು ಬಿಡುವ ಸ್ವಾತಂತ್ರ್ಯವಿಲ್ಲ. ಅಕ್ಷರದ ಗಾತ್ರ ಬದಲಿಸಿದೊಡನೆ ಪುಟವೇ ಬದಲಾಗುವ ಗ್ರಂಥದಿಂದ ಪುಟಸಂಖ್ಯೆಯನ್ನು ಉಲ್ಲೇಖಿಸುವುದು ಹೇಗೆ? ಆದರೆ ಒಂದು ಶಬ್ದವು ಒಂದು ಕೃತಿಯಲ್ಲಿ ಎಷ್ಟೆಡೆ ಬಂದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ಹುಡುಕಿಕೊಡುವ ತೆರೆಯ ಪ್ರತಿಯ ಉಪಕಾರವನ್ನು, ಹಿಂದೆ ಚೀಟಿಗಳನ್ನು ಬರೆದು ಕೈ ಸವೆಸಿಕೊಂಡವರು ಅಲ್ಲಗಳೆಯಲಾರರು. ತೆರೆಯಲ್ಲಿ ಹುಡುಕಿ, ಕಾಗದದಲ್ಲಿ ನೋಡಿ, ಕಾಗದದಿಂದ ಉಲ್ಲೇಖಿಸುವುದು ಸದ್ಯಕ್ಕೆ ಸಾಧುವಾದ ಮಾರ್ಗ.

ಇನ್ನು ಅಕ್ಷರ ಬಾರದ ನಮ್ಮ ಮಕ್ಕಳ ವಿಷಯ. ಕೇಳುಪುಸ್ತಕವನ್ನು ಕೊಟ್ಟರೆ ಅವರು ಲಿಪಿಯನ್ನು ಕಲಿಯುವ ಒತ್ತಾಯವೇ ತಪ್ಪಿಹೋಗುತ್ತದೆಯೆಂದು ಹಿರಿಯ ಮಿತ್ರರು ಆತಂಕಪಡುತ್ತಾರೆ. ಒತ್ತಾಯ ಈಗ ಎಲ್ಲಿದೆ ಎಂದು ನಾನು ಅವರನ್ನು ಕೇಳುತ್ತೇನೆ. ಲಿಪಿ ಕಲಿಯದಿದ್ದವನಿಗೆ ಇಂದು ಇರುವ ಆಯ್ಕೆ ಓದುವುದೋ ಕೇಳುವುದೋ ಎಂಬುದಲ್ಲ. ಕೇಳುವುದೋ, ಏನೂ ಇಲ್ಲದಿರುವುದೋ ಎಂಬುದು. ಕಾರಂತರನ್ನು ಇಂಗ್ಲಿಷ್ ಅನುವಾದದಲ್ಲಿ ಓದುವುದಕ್ಕಿಂತ ಕನ್ನಡದಲ್ಲಿ ಕೇಳುವುದು ಕಾರಂತರಿಗೆ ಹತ್ತಿರ. ಕಿವಿಯಿಂದ ಕೃತಿಯೊಂದನ್ನು ಮೆಚ್ಚಿದವನು ಕಣ್ಣಿನಿಂದಲೂ ಅದನ್ನು ನೋಡಬಯಸಬಹುದು, ಬಯಸದಿರಲೂಬಹುದು. ಬಯಸಿದಾಗ ಕೈಗೆ ಸಿಗುವಂತೆ ಮುದ್ರಿತ ಪ್ರತಿ ನಗರದಲ್ಲಿ ಎಲ್ಲಿಯಾದರೂ ಇರಬೇಕಷ್ಟೆ.

ಈ 'ಎಲ್ಲಿಯಾದರೂ' ಎಂಬುದಕ್ಕೆ ಕಾನೂನಿನ ಆಧಾರವೂ ಇದೆ. 1954ರ ಗ್ರಂಥಸಮರ್ಪಣ ಶಾಸನದ ಪ್ರಕಾರ ಭಾರತದ ಪ್ರತಿಯೊಬ್ಬ ಪ್ರಕಾಶಕನೂ ಹೊಸ ಪುಸ್ತಕದ ಪ್ರತಿಗಳನ್ನು ಪ್ರಕಟಣೆಯಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ದಿಲ್ಲಿ ಮತ್ತು ಮುಂಬಯಿಯ ಒಂದೊಂದು ಗ್ರಂಥಾಲಯಕ್ಕೂ ಕಳುಹಿಸತಕ್ಕದ್ದು. ಅಂದರೆ ಧಾರವಾಡದಲ್ಲಿಯೋ ಸಾಗರದಲ್ಲಿಯೋ ಅಚ್ಚಾದ ಕನ್ನಡ ಪುಸ್ತಕದ ಒಂದು ಪ್ರತಿಯು ಕಾಯಿದೆಯಂತೆ ನಮ್ಮ ನಗರದ ಕೇಂದ್ರ ಗ್ರಂಥಾಲಯದಲ್ಲಿರಬೇಕು. ತಪ್ಪಿದವನಿಗೆ ಪುಸ್ತಕದ ಬೆಲೆಯ ಜೊತೆಗೆ ಶಾಸನವು ವಿಧಿಸಿದ ದಂಡದ ಮಿತಿ 50 ರೂಪಾಯಿ. ಆದರೆ ಆ ಶಾಸನವು ಪುಸ್ತಕವೆಂದು ಕರೆಯುವುದು ಅಚ್ಚಾದ ಅಥವಾ ಕಲ್ಲಚ್ಚಿನಲ್ಲಿ ಮೂಡಿದ ವಸ್ತುವನ್ನು. ಕೇಳುಪುಸ್ತಕವಾಗಿ ಮಾತ್ರ ಹೊರಬರುವ ಕೃತಿಯು ಈ ನಾಲ್ಕರಲ್ಲಿ ಯಾವ ಗ್ರಂಥಾಲಯಕ್ಕೂ ಸಲ್ಲಬೇಕಾಗಿಲ್ಲ. ಅಂಗಡಿ ಮುಚ್ಚಿದ ದಿನ ಅದರ ಕಂಠವೂ ನಿಲ್ಲುತ್ತದೆ. ಮುಂಬಯಿಯ ಕನ್ನಡ ಸಂಘಗಳು ತಮ್ಮ ಗ್ರಂಥಾಲಯಗಳಲ್ಲಿ, ಲೇಖಕರ ಮತ್ತು ಪ್ರಕಾಶಕರ ಲಿಖಿತ ಅನುಮತಿಯೊಡನೆ, ಇಂತಹ ಧ್ವನಿಪ್ರತಿಗಳನ್ನು ಸಂಗ್ರಹಿಸಿಡುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಸಂಗ್ರಹಿಸುವಾಗ ಪ್ರತಿಯೊಂದರ ಮೇಲೂ ಕರ್ತೃವಿನ ಹೆಸರಿನ ಕೆಳಗೆ ವಾಚಕನ ಹೆಸರನ್ನೂ, ಅವನ ಊರನ್ನೂ, ಯಾವ ಮುದ್ರಣವನ್ನು ಅನುಸರಿಸಿ ಓದಿದನೆಂಬುದನ್ನೂ ಬರೆದಿಟ್ಟರೆ ಮುಂದಿನ ಸಂಶೋಧಕನಿಗೆ ಪಾಠನಿರ್ಣಯ ಸುಲಭವಾದೀತು.